ಮೌಸ್ ಒತ್ತಿದರೆ ದೊಡ್ಡಪ್ಪ

ಬಾತುಕೋಳಿ ಇರುವ ಮೌಸನ್ನು ನೀವು ನೋಡಿರಲಿಕ್ಕಿಲ್ಲ. ಕಂಪ್ಯೂಟರಿನ ಮೌಸೇ. ಆದರೆ ಬೆನ್ನು ಗಾಜಿನಂತೆ, ಒಳಗೆ ನೀಲಿ ಎಣ್ಣೆ, ಎಣ್ಣೆಯ ಮೇಲೆ ಉಗುರಿನಷ್ಟು ಹಳದಿ ಬಾತುಕೋಳಿ. ಮೌಸನ್ನು ಆ ಕಡೆ ಎಳೆದರೆ ಬಾತುಕೋಳಿ ಈ ಕಡೆ ತೇಲುತ್ತಿತ್ತು. ಇದರಿಂದ ಮನುಷ್ಯರಿಗೇನು ಉಪಯೋಗ ಎಂದು ಕೇಳಬೇಡಿ. ಆಗ ಇಂಟರ್ನೆಟ್ಟಿನಲ್ಲಿ ಉಪಯೋಗದ ವಸ್ತು ಹುಡುಕುವವರೇ ಕಡಿಮೆ ಇದ್ದರು.

ಹೋದ ಭಾನುವಾರ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ನನ್ನ ದೊಡ್ಡಪ್ಪನ ಮಗ ಕೊಟ್ರೇಶಣ್ಣನ ಅಂಗಡಿಯ ಅಟ್ಟ ಖಾಲಿ ಮಾಡುವಾಗ ಅದು ನನ್ನ ಕೈಗೆ ಸಿಕ್ಕಿತು. ಎಣ್ಣೆ ಯಾವ ಕಾಲದಲ್ಲೋ ಸೋರಿಹೋಗಿದೆ. ಬಾತುಕೋಳಿ ತಳದಲ್ಲಿ ಮಗ್ಗುಲಾಗಿ ಅಂಟಿಕೊಂಡಿದೆ, ಮದುವೆ ಊಟ ಮುಗಿಸಿ ಛತ್ರದ ಜಮಖಾನೆಯ ಮೇಲೆ ಉರುಳಿದ ಬೀಗರ ಹಾಗೆ. ಮೂಗಿಗೆ ಹಿಡಿದೆ. ಹಳೇ ಪ್ಲಾಸ್ಟಿಕ್ಕು, ಧೂಳು, ಅದರ ಹಿಂದೆ ಎಲ್ಲೋ ಬೀಡಿಯ ವಾಸನೆ. ಬೀಡಿ ನನ್ನ ಕಲ್ಪನೆಯೇ ಇರಬಹುದು. ಆದರೆ ಆ ಮೌಸನ್ನು ಕೊನೆಗೆ ಹಿಡಿದಿದ್ದ ಕೈ ಬೀಡಿ ಹಿಡಿದು ಹಳದಿಯಾದ ಕೈ. ದೊಡ್ಡಪ್ಪನದು.

ಮುಂದೆ ಹೋಗುವ ಮುಂಚೆ ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಆಮೇಲೆ ನೀವು ಮೋಸ ಹೋದೆವು ಅನ್ನಬಾರದು. ನಾನು ಮಿಮಿಕ್ರಿ ಮಾಡುವವನು. ಮನೆ ಹರಿಹರದಲ್ಲಿ. ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ, ಗಣಪತಿ ಪೆಂಡಾಲು, ಎಲ್ಲಿ ಮೈಕು ಕೊಟ್ಟರೆ ಅಲ್ಲಿ ನಿಲ್ಲುತ್ತೇನೆ. ಬಸ್ಸಿನ ಕಂಡಕ್ಟರು, ಟೀವಿಯಲ್ಲಿ ವಾರ್ತೆ ಓದುವವರು, ವೋಟು ಕೇಳಲು ಬಂದು ಕೆಮ್ಮುವವರು, ಆಶೀರ್ವಚನ ಕೊಡುತ್ತಾ ನಿದ್ದೆ ಹೋಗುವ ಮಠದ ಬುದ್ಧಿಯವರು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದಾರೆ. ಮನೆಯಲ್ಲೂ ಅಷ್ಟೇ. ಹೆಂಡತಿಗೆ ಕಾಫಿ ಕೇಳುವುದು ಕಂಡಕ್ಟರ ದನಿಯಲ್ಲಿ, ತಪ್ಪಾಯಿತು ಅನ್ನುವುದು ಬುದ್ಧಿಯವರ ದನಿಯಲ್ಲಿ, ಜಗಳವಾಡುವುದು ಅವಳಪ್ಪನ ದನಿಯಲ್ಲಿ. ಅವಳು ನಗುತ್ತಾಳೆ. ಗಂಡ ಹೆಂಡತಿ ನಡುವೆ ನಗು ಇದ್ದರೆ ಸಾಕಲ್ಲ ಎಂದು ಮೊನ್ನೆ ಭಾನುವಾರದವರೆಗೂ ಅಂದುಕೊಂಡಿದ್ದೆ.

ಈಗ ಕೊಟ್ರೇಶಣ್ಣನ ಅಂಗಡಿಯಲ್ಲಿ ಮೊಬೈಲ್ ಕವರು, ಜೆರಾಕ್ಸು, ಆಧಾರ್ ತಿದ್ದುಪಡಿ. ಆಗ ಅದು ನೆಟ್ ಸೆಂಟರು. ಪ್ಲೈವುಡ್ ಹಲಗೆ ಹೊಡೆದು ಮಾಡಿದ ಗೂಡುಗಳು, ಪ್ರತಿ ಗೂಡಿಗೊಂದು ಹೊಟ್ಟೆ ಉಬ್ಬಿದ ಮಾನಿಟರು, ಎಲ್ಲದಕ್ಕೂ ಸೇರಿ ಒಂದೇ ಫ್ಯಾನು. ರಜೆ ಬಂದರೆ ನಾನು ಹರಿಹರದಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಬೀಳುತ್ತಿದ್ದೆ. ಫೋನಿನ ತಂತಿಯಲ್ಲಿ ಇಂಟರ್ನೆಟ್ಟು ಬರುತ್ತಿದ್ದ ಕಾಲ. ಬರುವ ಮುಂಚೆ ಮೋಡೆಮ್ ಎಂಬ ಡಬ್ಬಿ ಅರಚುತ್ತಿತ್ತು. ಮೊದಲು ಟೊಯ್ ಟೊಯ್, ಆಮೇಲೆ ಬಾಣಲೆಗೆ ನೀರು ಬಿದ್ದಂತೆ ಚರ್ರ್ ಎಂದು ಎಳೆದು, ಕೊನೆಗೆ ಯಾರೋ ಕತ್ತು ಹಿಸುಕಿದಂತೆ ಗಪ್. ನನ್ನ ಮೊದಲ ಮಿಮಿಕ್ರಿ ಮನುಷ್ಯರದಲ್ಲ, ಆ ಡಬ್ಬಿಯದು. ಒಮ್ಮೆ ಲೈನು ಸತ್ತು ಗಿರಾಕಿಗಳೆಲ್ಲ ಹೊರಗೆ ನಿಂತಿದ್ದಾಗ ನಾನು ಒಳಗಿನಿಂದ ಅದನ್ನು ಮಾಡಿದೆ. ರಿಸಲ್ಟು ನೋಡಲು ಬಂದವರೊಬ್ಬರು ಚಪ್ಪಲಿ ಬಿಟ್ಟು ಓಡಿ ಬಂದು ಕೂತುಬಿಟ್ಟರು. ಕೊಟ್ರೇಶಣ್ಣ ಬೈಯಲಿಲ್ಲ. ತಲೆ ಅಲ್ಲಾಡಿಸಿ, ಕೊನಿಗೆ ಇನ್ನೊಂಚೂರು ಎಳೀಬೇಕಿತ್ತಲೇ, ಅಂದ.

ಅವನ ಹುಚ್ಚೇ ಬೇರೆ. ಗಿರಾಕಿಗಳು ರೈಲಿನ ಟಿಕೆಟ್ಟಿಗೆ ಬಂದರೆ ಇವನು ಅವರನ್ನು ಕೂರಿಸಿಕೊಂಡು ತಾನು ಕಂಡುಹಿಡಿದ ವಿಚಿತ್ರ ಪುಟಗಳನ್ನು ತೋರಿಸುತ್ತಿದ್ದ. ಇಡೀ ಪರದೆಯಲ್ಲಿ ಒಂದೇ ಬಟನ್, ಅದರ ಮೇಲೆ ಒತ್ತಬೇಡಿ ಎಂಬ ಬರಹ. ಒತ್ತಿದರೆ, ಹೇಳಿದರೂ ಕೇಳಲಿಲ್ಲವಲ್ಲ ಎಂದು ಬೈಯುವ ಪುಟ. ಇಲ್ಲಿಗೆ ಇಂಟರ್ನೆಟ್ ಮುಗಿಯಿತು, ಹೊರಗೆ ಹೋಗಿ ಆಡಿಕೊಳ್ಳಿ ಎನ್ನುವ ಪುಟ. ಯಾವುದೋ ದೇಶದಲ್ಲಿ ಯಾರೋ ಮನೆಯ ಅಕ್ವೇರಿಯಮ್ಮಿಗೆ ಕ್ಯಾಮೆರಾ ಇಟ್ಟಿದ್ದರು. ಆ ಮೀನಿನ ಯೋಗಕ್ಷೇಮ ನಮಗೆ ಪಿ.ಜೆ. ಬಡಾವಣೆಯಲ್ಲಿ ಗೊತ್ತಾಗುತ್ತಿತ್ತು. ತರಿಸಿಕೊಂಡ ಸಾಮಾನುಗಳೂ ಅಂಥವೇ. ಕಂಪ್ಯೂಟರಿಗೆ ಸಿಕ್ಕಿಸುವ ಬೆರಳುದ್ದದ ಫ್ಯಾನು. ಚಹಾ ಬಿಸಿ ಇಡುವ ತಟ್ಟೆ. ಕರೆಂಟು ಹೋದ ಕೂಡಲೇ ಚಹಾಕ್ಕಿಂತ ಮುಂಚೆ ಅದೇ ತಣ್ಣಗಾಗುತ್ತಿತ್ತು. ಚಾಪೆಯಂತೆ ಸುತ್ತಿಡುವ ರಬ್ಬರಿನ ಕೀಬೋರ್ಡು; ಅದನ್ನು ದೊಡ್ಡವ್ವ, ಅಂದರೆ ಅವನ ತಾಯಿ, ಏನೋ ಜಿಡ್ಡು ಹಿಡಿದೈತೆ ಎಂದು ಸೋಪು ಹಚ್ಚಿ ತೊಳೆದು ಬಿಸಿಲಿಗೆ ಹಾಕಿದಳು. ಇನ್ನೊಂದು ಜಾತಿಯ ಪುಟವಿತ್ತು, ನಮ್ಮಿಬ್ಬರಿಗೂ ಪ್ರಾಣ. ಯಾವನೋ ಪರದೇಶದ ತುಂಟ ತನ್ನ ಮೇಷ್ಟ್ರ ಬೈಗುಳಗಳನ್ನೆಲ್ಲ ರೆಕಾರ್ಡ್ ಮಾಡಿ ಒಂದೊಂದಕ್ಕೂ ಒಂದೊಂದು ಬಟನ್ ಇಟ್ಟಿದ್ದ. ಒತ್ತಿದರೆ ಮೇಷ್ಟ್ರು ಬೈಯುತ್ತಿದ್ದರು. ಅರ್ಥವಾಗದಿದ್ದರೂ ಬೈಗುಳ ಬೈಗುಳವೇ. ಒತ್ತಿ ಒತ್ತಿ ನಗುತ್ತಿದ್ದೆವು.

ಇದನ್ನೆಲ್ಲ ಕಂಡು ದೊಡ್ಡಪ್ಪ ಹೇಳುತ್ತಿದ್ದುದು ಒಂದೇ ಮಾತು. "ಸಾಕು."

ದೊಡ್ಡಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಸವಾಲು ಕೂಗುವವರು. ಮೆಕ್ಕೆಜೋಳದ ರಾಶಿಯ ಮೇಲೆ ನಿಂತು ರೇಟು ಕೂಗುತ್ತಾ ವ್ಯಾಪಾರಿಗಳನ್ನು ಏರಿಸುವ ಕೆಲಸ. ದನಿಯೆಂದರೆ ಅಂಥ ದನಿ. ನಮ್ಮಪ್ಪ ಹೇಳುತ್ತಿದ್ದರು, "ಅಣ್ಣ ದಾವಣಗೇರ್ಯಾಗ ಕೂಗಿದ್ರೆ ಇಲ್ಲಿ ಹರಿಹರದ ಹೊಳ್ಯಾಗಿನ ಮೀನು ರೇಟು ಕೇಳ್ತಾವೆ." ಅಂಥ ಮನುಷ್ಯ ಎಂ.ಸಿ.ಸಿ. ಬಿ ಬ್ಲಾಕಿನ ತಮ್ಮ ಮನೆಯೊಳಗೆ ಕಾಲಿಟ್ಟರೆ ಮಾತು ತುಟ್ಟಿಯಾಗುತ್ತಿತ್ತು. ನೀರು. ಬಾಗ್ಲು ಹಾಕು. ಯಾರದು. ಹೊತ್ತಾತು. ಸಾಕು. ಎಲ್ಲ ಸೇರಿಸಿದರೆ ಒಂದು ಅಂಗೈ ತುಂಬುತ್ತಿರಲಿಲ್ಲ. ಪ್ರತಿ ಮಾತಿಗೂ ಮುಂಚೆ ಒಂದು ಕೆಮ್ಮು, ಬಂಡಿಗೆ ಮುಂಚೆ ಗಂಟೆ ಬಂದಂತೆ. ಮನೆಗೆ ಯಾರಾದರೂ ಬಂದರೆ ಮಾತ್ರ ಜಗಲಿಯ ಕುರ್ಚಿಯಿಂದಲೇ ಮುಖ ಅರಳಿಸಿ, ಊಟ ಆತಾ ಎಂದು ಕೇಳುತ್ತಿದ್ದರು. ಅದು ಅವರ ಮರ್ಯಾದೆ. ಬಂದವರು ಮಧ್ಯಾಹ್ನ ಮೂರಕ್ಕೆ ಬಂದಿರಲಿ, ಸಂಜೆ ಐದಕ್ಕೆ ಬಂದಿರಲಿ, ಊಟ ಆತಾ. ಅದು ಕೇಳಿಸಿದರೆ ದೊಡ್ಡವ್ವ ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಅನ್ನಕ್ಕಿಡುತ್ತಿದ್ದಳು. ಅವಳು ನಂದಿಗುಡಿಯ ಕಡೆಯವಳು, ಭತ್ತದ ಮನೆಯ ಮಗಳು. ಬಂದವರು ಉಣ್ಣದೆ ಹೋದರೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ತಾನು ಉಣ್ಣುತ್ತಿದ್ದುದು ಎಲ್ಲರದೂ ಮುಗಿದ ಮೇಲೆ, ಒಲೆಯ ಪಕ್ಕ, ತಳದ ಅನ್ನ. ಅವಳದು ಆಯಿತೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಿದವನಲ್ಲ. ಅದು ಕೇಳುವ ವಿಷಯವೆಂದೇ ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸಂಬಂಧಿಕರು ಸೇರಿದಾಗ ನಾನು ದೊಡ್ಡಪ್ಪನನ್ನು ಮಾಡುತ್ತಿದ್ದೆ. ಕೆಮ್ಮಿ, "ನೀರು" ಅಂದರೆ ಸಾಕು, ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ದೊಡ್ಡವ್ವ, ಸೆರಗು ಬಾಯಿಗೆ ಅದುಮಿಕೊಂಡು.

ಆಮೇಲೆ ಆ ಗಂಟಲಿಗೆ ರೋಗ ಬಂತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದರು. ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಅದೇ ವರ್ಷ ನನ್ನ ದನಿ ಒಡೆದು ಗಂಡಸಿನ ದನಿಯಾಗಿತ್ತು. ದೇವರು ಒಬ್ಬರ ಅಂಗಡಿ ಮುಚ್ಚಿಸಿ ಅದೇ ಸಾಮಾನು ಪಕ್ಕದವನಿಗೆ ಹಾಕಿಸಿಕೊಟ್ಟಂತೆ.

ಸ್ಲೇಟು ಕೊಟ್ಟರು. ದೊಡ್ಡಪ್ಪ ಬರೆಯುತ್ತಿದ್ದರು. ಆದರೆ ದೊಡ್ಡವ್ವನಿಗೆ ಓದಲು ಬರುತ್ತಿರಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ಅದೊಂದು ಕೊರತೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಈಗ ಗಂಡ ಬರೆದದ್ದನ್ನು ಓದಿಸಲು ಪಕ್ಕದ ಮನೆಯ ಹುಡುಗಿಯನ್ನು ಕರೆಯಬೇಕು. ಹುಡುಗಿ ಓದುತ್ತಿದ್ದಳು, "ಅಜ್ಜಿ, ನೀರು ಅಂತೆ." ದೊಡ್ಡಪ್ಪನಿಗೆ ನಾಚಿಕೆಯಾಗಿ ಸ್ಲೇಟು ಬಿಟ್ಟು ಚಪ್ಪಾಳೆ ತಟ್ಟತೊಡಗಿದರು. ದೊಡ್ಡವ್ವ ಎರಡು ದಿನ ಸಹಿಸಿಕೊಂಡು, "ನಾನೇನು ಕಾಗಿ ಏನ್ರಿ, ಚಪ್ಪಾಳಿ ತಟ್ಟಾಕ," ಅಂದಳು. ಅವತ್ತಿನಿಂದ ಚಪ್ಪಾಳೆಗೆ ಅವಳು ತಿರುಗಿ ನೋಡುತ್ತಿರಲಿಲ್ಲ. ಅವರೂ ತಟ್ಟಲಿಲ್ಲ. ಮನೆಯಲ್ಲಿ ಇಬ್ಬರಿದ್ದೂ ಸೀಲಿಂಗ್ ಫ್ಯಾನಿನ ಸದ್ದು ಮಾತ್ರ.

ಕೊಟ್ರೇಶಣ್ಣ ಸುಮ್ಮನಿರುವ ಗಿರಾಕಿಯಲ್ಲ. ಟೈಪು ಮಾಡಿದ್ದನ್ನು ಓದಿ ಹೇಳುವ ಸಾಫ್ಟ್‌ವೇರ್ ಒಂದನ್ನು ನೆಟ್ಟಿನಿಂದ ಇಳಿಸಿ, ಅಂಗಡಿಯ ಒಂದು ಕಂಪ್ಯೂಟರನ್ನು ಆಟೋದಲ್ಲಿ ಮನೆಗೆ ತಂದು ಪಡಸಾಲೆಯಲ್ಲಿ ಕೂರಿಸಿದ. ಜೊತೆಗೆ ಬಾತುಕೋಳಿಯ ಮೌಸು. ದೊಡ್ಡಪ್ಪ ಒಂದೇ ಬೆರಳಿನಲ್ಲಿ ಇಂಗ್ಲಿಷ್ ಅಕ್ಷರ ಹುಡುಕಿ ಒತ್ತಿದರು. ಯಂತ್ರ ಮಾತಾಡಿತು. ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡ ಬಿಳಿ ದೊರೆಯೊಬ್ಬ ದಾವಣಗೆರೆಗೆ ಬಂದು ನೀರು ಕೇಳಿದ ಹಾಗಿತ್ತು. ನಾನು ನಕ್ಕೆ, ಕೊಟ್ರೇಶಣ್ಣ ನಕ್ಕ. ದೊಡ್ಡವ್ವ ನಗಲಿಲ್ಲ. ಆ ದನಿಗೆ ತಾನು ಉತ್ತರ ಕೊಡುವುದಿಲ್ಲ ಎಂದಳು. "ಬ್ಯಾಡಪ್ಪ. ಮನ್ಯಾಗ ಪರಗಂಡಸು ಕುಂತಂಗಾಗ್ತೈತೆ."

ಹಾಗಾದರೆ ಅಪ್ಪನ ಸ್ವಂತ ದನಿ ಎಲ್ಲಾದರೂ ಸಿಕ್ಕೀತೇ ಎಂದು ಕೊಟ್ರೇಶಣ್ಣ ಹುಡುಕಿದ. ಮನೆಯಲ್ಲಿದ್ದುದು ಅವನ ಅಕ್ಕನ ಮದುವೆಯ ವಿಡಿಯೋ ಕ್ಯಾಸೆಟ್ಟು. ಅದರಲ್ಲಿ ದೊಡ್ಡಪ್ಪ ಬೀಗರೆದುರು ಕೈ ಬೀಸಿ ಏನೋ ಜೋರಾಗಿ ಹೇಳುತ್ತಿದ್ದಾರೆ. ಆದರೆ ಆ ಕಾಲದ ಮದುವೆ ವಿಡಿಯೋ ನಿಮಗೆ ಗೊತ್ತಲ್ಲ, ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡು ತುಂಬಿಸಿಬಿಡುತ್ತಿದ್ದರು. ದೊಡ್ಡಪ್ಪ ಬಾಯಿ ತೆರೆದರೆ ಹೆಣ್ಣು ದನಿಯಲ್ಲಿ ಪ್ರೇಮಗೀತೆ. ಊರಿಗೆಲ್ಲ ಕೇಳಿದ ದನಿ ಒಂದು ಮುಷ್ಟಿಯಷ್ಟೂ ಉಳಿದಿರಲಿಲ್ಲ. ಉಳಿದದ್ದು ನನ್ನ ಗಂಟಲಿನಲ್ಲಿ ಮಾತ್ರ.

ಮೇಷ್ಟ್ರ ಬೈಗುಳದ ಪುಟ ನೆನಪಾದದ್ದು ಆಗಲೇ. ನೆಟ್ ಸೆಂಟರಿನ ಗೂಡಿನಲ್ಲಿ ಫ್ಯಾನಿನ ಸದ್ದು ಬರಬಾರದೆಂದು ಇಬ್ಬರೂ ಕಂಬಳಿ ಹೊದ್ದು ಕೂತೆವು, ಬೇಸಿಗೆಯಲ್ಲಿ. ನಾನು ಮೈಕಿನಲ್ಲಿ ಕೆಮ್ಮಿ ನೀರು ಅಂದೆ, ಬಾಗ್ಲು ಹಾಕು ಅಂದೆ, ಯಾರದು, ಹೊತ್ತಾತು, ಸಾಕು. ಕೊಟ್ರೇಶಣ್ಣ ಒಂದೊಂದಕ್ಕೂ ಒಂದೊಂದು ಬಟನ್ ಮಾಡಿ ದೊಡ್ಡ ಅಕ್ಷರದಲ್ಲಿ ಹೆಸರು ಬರೆದ. ಮನೆಗೆ ಹೋಗಿ ತೋರಿಸಿದೆವು. ದೊಡ್ಡಪ್ಪ ನನ್ನನ್ನು ಒಮ್ಮೆ ನೋಡಿ, ಮೌಸನ್ನು ಸರಿಸಿ, ಒತ್ತಿದರು. ಕೆಮ್ಮು ಬಂತು. ನೀರು ಬಂತು.

"ತರ್ತೀನಿ, ತಡೀರಿ," ಅಂತ ಅಡುಗೆಮನೆಯಿಂದ ದೊಡ್ಡವ್ವ.

ಆಮೇಲೆ ಲೋಟ ಹಿಡಿದು ಬಂದಳು. ಅಷ್ಟರಲ್ಲಿ ದನಿ ಯಾರದೆಂದು ಅವಳಿಗೆ ತಿಳಿದಿತ್ತು. ಆದರೂ ಲೋಟ ಕೈಗೆ ಕೊಟ್ಟು, "ಒಂದು ಗಳಿಗಿ ತಡ ಆಗಂಗಿಲ್ಲ ನಿಮಗೆ," ಎಂದು ಹಳೆಯ ಹಾಗೆ ಗೊಣಗಿ ಹೋದಳು. ನಾವು ಮೂವರೂ ಬೇರೆ ಬೇರೆ ಗೋಡೆ ನೋಡುತ್ತಿದ್ದೆವು. ಆಮೇಲಿಂದ ಸಾವಿರ ಜನರ ಮುಂದೆ ನಿಂತು ಚಪ್ಪಾಳೆ ಹೊಡೆಸಿಕೊಂಡಿದ್ದೇನೆ. ಯಾವ ಚಪ್ಪಾಳೆಯೂ ಆ ಗೊಣಗಿನಷ್ಟು ಇಷ್ಟವಾಗಿಲ್ಲ.

ಮನೆಗೆ ಜೀವ ಬಂತು. ದೊಡ್ಡಪ್ಪ ಹಾಲಿನವನಿಗೆ ಯಾರದು ಅಂದರು, ಕಾಗೆಗೆ ಯಾರದು ಅಂದರು, ಕೆಲಸವಿಲ್ಲದಿದ್ದರೂ ಬಾಗ್ಲು ಹಾಕಿಸಿದರು. ದೊಡ್ಡವ್ವನೂ ಜಗಳಕ್ಕೆ ನಿಂತಳು. ಅವಳು ಏನಾದರೂ ಉದ್ದಕ್ಕೆ ಹೇಳುತ್ತಿದ್ದರೆ ಇವರು ಸಾಕು ಒತ್ತುತ್ತಿದ್ದರು. ಅವಳು ಮುಖ ತಿರುಗಿಸಿ ನಗುತ್ತಿದ್ದಳು. ನೀವೂ ನಾನೂ ಇಲ್ಲಿಗೆ ನಿಲ್ಲಿಸಬಹುದಿತ್ತು. ಸ್ಟೇಜಿನ ಮೇಲೆ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ ಮೈಕು ಕೊಡುತ್ತಿದ್ದೆ.

ಕೆಲವು ತಿಂಗಳ ಮೇಲೆ ದೊಡ್ಡಪ್ಪ ಇನ್ನೊಮ್ಮೆ ಆಸ್ಪತ್ರೆಗೆ ಹೋಗಿ ಬಂದರು. ರೋಗ ಮರಳಿತ್ತು. ಅದು ಗೊತ್ತಿದ್ದದ್ದು ಅವರಿಗೆ, ಕೊಟ್ರೇಶಣ್ಣನಿಗೆ, ಅವನಿಂದ ನನಗೆ. ದೊಡ್ಡವ್ವನಿಗೆ ಹೇಳಬಾರದೆಂದು ದೊಡ್ಡಪ್ಪ ಸ್ಲೇಟಿನಲ್ಲಿ ಬರೆದು ಒರೆಸಿದ್ದರಂತೆ. ಆ ವಾರ ನಾನು ಹೋದಾಗ ಹತ್ತಿರ ಕರೆದು ಸ್ಲೇಟು ತಿರುಗಿಸಿದರು. ಇನ್ನೊಂದು ಬಟನ್ ಬೇಕು. ಊಟ ಆತಾ.

ಯಾರಿಗೆ ಎಂದು ಕೇಳಿದೆ. ಗದ್ದದಿಂದ ಅಡುಗೆಮನೆ ತೋರಿಸಿದರು.

ಇದೇನು ಮಹಾ ಎಂದುಕೊಂಡೆ. ನೆಟ್ ಸೆಂಟರಿಗೆ ಮೂವರೂ ಹೋದೆವು. ದೊಡ್ಡಪ್ಪ ಪ್ಲೈವುಡ್ ಗೂಡಿನ ಹೊರಗೆ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತರು. ನಾನು ಕೆಮ್ಮಿ ಹೇಳಿದೆ. ಹೇಳಿದ್ದು ಹೇಗಿತ್ತೆಂದರೆ ಇನ್ನೂ ಯಾಕೆ ಆಗಿಲ್ಲ ಎಂದು ಗದರಿಸುವ ಹಾಗಿತ್ತು. ದೊಡ್ಡಪ್ಪ ತಲೆ ಅಲ್ಲಾಡಿಸಿದರು. ಮೆತ್ತಗೆ ಹೇಳಿದೆ, ರೇಡಿಯೋ ನಾಟಕದ ನಾಯಕನಾದೆ. ಮತ್ತೆ ತಲೆ ಅಲ್ಲಾಡಿತು. ಇನ್ನೂ ಮೆತ್ತಗೆ, ಇನ್ನೂ ಒರಟಾಗಿ, ಕೆಮ್ಮಿನ ಜೊತೆ, ಕೆಮ್ಮಿಲ್ಲದೆ. ಪ್ರತಿ ಸಲವೂ ಯಾರೋ ಬಂದರು, ದೊಡ್ಡಪ್ಪ ಬರಲಿಲ್ಲ.

"ಅಪ್ಪ ಅವ್ವಗೆ ಹಂಗೆ ಅನ್ನಲ್ಲಲೇ," ಅಂದ ಕೊಟ್ರೇಶಣ್ಣ.

"ಮತ್ತೆ ಹೆಂಗೆ ಅಂತಾರೆ? ನೀನೇ ಹೇಳು."

ಅವನು ಯೋಚಿಸಿದ. ಅಪ್ಪನ ಕಡೆ ನೋಡಿದ. "ನನಗೇನು ಗೊತ್ತು. ನಾ ಯಾವತ್ತು ಕೇಳೇನಿ?"

ಮಿಮಿಕ್ರಿಯವರ ಬಗ್ಗೆ ಜನ ತಿಳಿದಿರುವುದೇ ತಪ್ಪು. ನಾವು ಏನನ್ನೂ ಹುಟ್ಟಿಸುವವರಲ್ಲ. ಕಿವಿಗೆ ಬಿದ್ದದ್ದನ್ನು ಬಾಯಿಂದ ವಾಪಸು ಕೊಡುವ ಗುಮಾಸ್ತರು. ದೊಡ್ಡಪ್ಪ ಬದುಕಿನಲ್ಲಿ ಒಂದು ಸಲ ಹೆಂಡತಿಗೆ ಆ ಮಾತು ಕೇಳಿದ್ದರೆ, ನಾನು ಬಾಗಿಲ ಹಿಂದಿನಿಂದ ಕೇಳಿಸಿಕೊಂಡಿದ್ದರೂ ಸಾಕಿತ್ತು, ಎತ್ತಿಕೊಂಡು ಬರುತ್ತಿದ್ದೆ. ಇಲ್ಲದ ಸರಕನ್ನು ಎಲ್ಲಿಂದ ತರಲಿ. ಕೊನೆಗೆ ನನಗೆ ನೆನಪಾದದ್ದು ಜಗಲಿಯ ಕುರ್ಚಿ. ಬಂದವರಿಗೆ ಮುಖ ಅರಳಿಸಿ ಕೇಳುತ್ತಿದ್ದ ಊಟ ಆತಾ. ಅದನ್ನೇ ಮಾಡಿದೆ. ದೊಡ್ಡಪ್ಪ ಥಟ್ಟನೆ ಕಣ್ಣು ತೆರೆದರು. ಹೌದು, ನಾನೇ, ಎಂಬಂತೆ ಎದೆಯ ಮೇಲೆ ಕೈ ಇಟ್ಟುಕೊಂಡರು.

ಮಾರನೆಯ ದಿನ ಮಧ್ಯಾಹ್ನ ಅವರ ಊಟ ಮುಗಿಯಿತು, ನಮ್ಮದು ಮುಗಿಯಿತು. ದೊಡ್ಡಪ್ಪ ಮೌಸಿನ ಮೇಲೆ ಕೈ ಇಟ್ಟು ಕಾದರು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತು, ತಟ್ಟೆ ನೆಲಕ್ಕಿಟ್ಟ ಸದ್ದು ಬಂತು. ಅವಳು ಉಣ್ಣಲು ಕೂತಿದ್ದಾಳೆ. ಒತ್ತಿದರು.

ಊಟ ಆತಾ.

ಇಡೀ ಮನೆ ತುಂಬುವ ದನಿ. ಒಳಗೆ ತಟ್ಟೆ ಸರಿಸಿದ ಸದ್ದು. ದೊಡ್ಡವ್ವ ಬಂದಳು. ಸೆರಗು ಸರಿಮಾಡಿಕೊಂಡು, ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಲೋಟ. ನಮ್ಮನ್ನು ದಾಟಿ ಬಾಗಿಲ ಕಡೆ ನೋಡಿದಳು. ಹೊಸ್ತಿಲಾಚೆ ಬಗ್ಗಿ ಚಪ್ಪಲಿ ನೋಡಿದಳು.

"ಯಾರು ಬಂದಾರೆ?"

ಹೊರಗೆ ಯಾರೂ ಕಾಣದೆ ನಮ್ಮ ಕಡೆ ತಿರುಗಿದಳು.

"ಯಾರಿಗೆ ಊಟ ಕೇಳಿದ್ರಿ? ನನ್ನ ತಟ್ಟ್ಯಾಗ ಇರೋ ಅನ್ನ ಹಂಗೇ ಐತೆ, ಕೈ ಹಾಕಿಲ್ಲ. ಕುಂದ್ರಸ್ರಿ, ಬಡಿಸ್ತೀನಿ."

ಕೊಟ್ರೇಶಣ್ಣ ಅಂದ, "ನಿನಗೇ ಕೇಳಿದ್ದವ್ವ. ಅಪ್ಪ ನಿನಗೇ ಕೇಳಿದ್ದು."

ದೊಡ್ಡವ್ವ ಗಂಡನನ್ನು ನೋಡಿದಳು. ಆಮೇಲೆ ನನ್ನನ್ನು. ಮುಖದಲ್ಲಿ ನಗು ಬಂತು. "ನಿಂದೇನಲೇ ಇದು. ಹುಡುಗಾಟಕ್ಕೂ ಒಂದು ಮಿತಿ ಬ್ಯಾಡ? ಅವರು ಹಂಗೆ ಕೇಳೋರಲ್ಲ."

ದೊಡ್ಡಪ್ಪ ಮತ್ತೊಮ್ಮೆ ಅದನ್ನೇ ಒತ್ತಬಹುದಿತ್ತು. ಅವರ ಕೈ ಮೌಸಿನ ಮೇಲೇ ಇತ್ತು, ಒಳಗೆ ಬಾತುಕೋಳಿ ನಡುಗುತ್ತಿತ್ತು. ಕೈ ನಿಧಾನ ಸರಿಯಿತು. ಒತ್ತಿದ್ದು ಬೇರೆ ಬಟನ್.

ಕೆಮ್ಮು. ಸಾಕು.

"ಹಾಂ," ಅಂದಳು ದೊಡ್ಡವ್ವ ನನ್ನ ಕಡೆ ತಿರುಗಿ, ಸಮಾಧಾನದಿಂದ. "ಇದು ನೋಡು ನಿಮ್ಮ ದೊಡ್ಡಪ್ಪ." ಚೊಂಬು ತೆಗೆದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳು ಅನ್ನ ಕಲಸುವ ಬಳೆಯ ಸದ್ದು ಕೇಳಿಸಿತು.

ಆ ಬಟನ್ನನ್ನು ದೊಡ್ಡಪ್ಪ ಮತ್ತೆ ಒತ್ತಲಿಲ್ಲ. ಯುಗಾದಿಗೆ ಮುಂಚೆ ಹೋದರು. ಅಲ್ಲಿಯವರೆಗೂ ಆ ಮನೆಯಲ್ಲಿ ನೀರು, ಬಾಗ್ಲು, ಹೊತ್ತಾತು, ಇಷ್ಟೇ ನಡೆಯಿತು, ಚೆನ್ನಾಗಿಯೇ ನಡೆಯಿತು. ದಿನಕರ್ಮ ಮುಗಿದ ಮೇಲೆ ಬಂದವರಿಗೆಲ್ಲ ದೊಡ್ಡವ್ವ ಹೇಳುತ್ತಿದ್ದಳು, ಕೊನಿತನಕ ಅವರ ದನಿ ಅವರಿಗೇ ಇತ್ತು ನೋಡ್ರಿ ಅಂತ. ಬಂದವರು ನನ್ನ ಬೆನ್ನು ತಟ್ಟುತ್ತಿದ್ದರು. ಈಗ ಮಾರ್ಕೆಟ್ ಯಾರ್ಡಿನಲ್ಲೂ ಯಾರೂ ಕೂಗುವುದಿಲ್ಲ. ರೇಟೆಲ್ಲ ಕಂಪ್ಯೂಟರಿನಲ್ಲಿ ಟೆಂಡರು. ರಾಶಿ ಇದೆ, ವ್ಯಾಪಾರಿಗಳಿದ್ದಾರೆ, ಎಲ್ಲರೂ ತಲೆ ಬಗ್ಗಿಸಿ ಮೊಬೈಲು ನೋಡುತ್ತಿರುತ್ತಾರೆ.

ಅಟ್ಟ ಗುಡಿಸುತ್ತಾ ಕೊಟ್ರೇಶಣ್ಣನನ್ನು ಕೇಳಿದೆ, ಆ ಫೈಲುಗಳು ಎಲ್ಲಾದರೂ ಇವೆಯಾ ಎಂದು. ಹಳೇ ಕಂಪ್ಯೂಟರುಗಳ ಜೊತೆ ಗುಜರಿಗೆ ಹೋದವು ಅಂದ. ಆಮೇಲೆ, ಅವನ ಹುಚ್ಚು ಹೋಗುವುದೆಲ್ಲಿ, ಹೊಸ ಆ್ಯಪ್ ಬಂದಿರುವ ವಿಷಯ ತೆಗೆದ. ಒಬ್ಬರ ದನಿ ಚೂರು ಕೊಟ್ಟರೆ ಸಾಕಂತೆ, ಅದೇ ದನಿಯಲ್ಲಿ ಬೇಕಾದ್ದು ಹೇಳುತ್ತದಂತೆ. "ಅಪ್ಪಂದು ಒಂಚೂರು ಇದ್ದಿದ್ರೆ," ಅಂದ, "ಏನು ಬೇಕಾದ್ರೂ ಅನ್ನಿಸಬಹುದಿತ್ತು ನೋಡು." ನಾನು ಗುಡಿಸುತ್ತಲೇ ಇದ್ದೆ. ಅನ್ನಿಸಬಹುದಿತ್ತು. ನಾನೂ ಅನ್ನಿಸಿದ್ದೆ. ಕೇಳಬೇಕಾದವಳಿಗೆ ಈಗ ಕಿವಿಯೂ ಕೇಳಿಸುವುದಿಲ್ಲ. ಮನೆಯಲ್ಲಿ ಎಲ್ಲರೂ ಅವಳ ಮುಂದೆ ಕೈ ಆಡಿಸುತ್ತಾರೆ.

ಸಂಜೆ ಹರಿಹರಕ್ಕೆ ಬೈಕಿನಲ್ಲಿ ವಾಪಸು ಬರುವಾಗ ನನಗೊಂದು ಕೆಟ್ಟ ಯೋಚನೆ ಬಂತು. ನಾಳೆ ಯಾವನೋ ಪುಂಡ ನನ್ನನ್ನೇ ಮಿಮಿಕ್ರಿ ಮಾಡಲು ಹೊರಟರೆ ಅವನಿಗೆ ಸಿಗುವುದೇನು? ಕಂಡಕ್ಟರು ಸಿಗುತ್ತಾನೆ, ಬುದ್ಧಿಯವರು ಸಿಗುತ್ತಾರೆ, ನನ್ನ ಮಾವ ಸಿಗುತ್ತಾರೆ. ದೊಡ್ಡಪ್ಪನ ಹತ್ತಿರ ಅಂಗೈಯಷ್ಟಾದರೂ ತನ್ನದೇ ಮಾತಿತ್ತು.

ಮನೆಗೆ ಬಂದಾಗ ಹೆಂಡತಿ ಸೋಫಾದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ಹೆಲ್ಮೆಟ್ ಇಟ್ಟು ಎದುರಿಗೆ ನಿಂತೆ. ಯಾರ ದನಿಯನ್ನೂ ಕರೆಯದೆ, ನನಗೆ ಬಂದ ಹಾಗೆ ಕೇಳಿದೆ.

"ಊಟ ಆತಾ ನಿಂದು?"

ಅವಳು ಮಡಚುತ್ತಿದ್ದ ಅಂಗಿಯನ್ನು ಹಾಗೇ ಹಿಡಿದು ತಲೆಯೆತ್ತಿದಳು. ಕಣ್ಣು ಕಿರಿದು ಮಾಡಿ ಯೋಚಿಸಿದಳು.

"ಯಾರದಿದು? ಗೊತ್ತಾಗಲಿಲ್ಲ."

"ಯಾರದೂ ಅಲ್ಲ," ಅಂದೆ. "ನಂದೇ."

ಅವಳು ನಂಬಲಿಲ್ಲ. ನಗುವ ಜಾಗ ಬರಲಿ ಎಂದು ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು.